ಪಾಲ್ವಂಕರ್ ಬಾಲೂ

ಭಾರತವು ತನ್ನ ಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವನ್ನು ಆಡಿದುದು 1932ರಲ್ಲಿ. ಅದಕ್ಕೆ ಎರಡು ದಶಕಗಳಿಗೂ ಮುನ್ನ, ಒಂದೇ ಬೇಸಗೆಯಲ್ಲಿ, ಇಂಗ್ಲೆಂಡಿನ ಮೈದಾನಗಳಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದ ಭಾರತೀಯರೊಬ್ಬರಿದ್ದರು. ಅವರೇ ಪಾಲ್ವಂಕರ್ ಬಾಲೂ. ಅವರು ಜನಿಸಿದುದು ನಮ್ಮ ಧಾರವಾಡದಲ್ಲಿ, ಸುಮಾರು 1875ರಲ್ಲಿ.

ಬಾಲೂ ಅವರ ಪೂರ್ವಿಕರು ಕೊಂಕಣ ಸೀಮೆಯವರು. ತಂದೆ ಸೈನ್ಯದ ಚಾಕರಿಯಲ್ಲಿದ್ದರು. ಅಂದಿನ ಸಮಾಜವು ಅಸ್ಪೃಶ್ಯವೆಂದು ದೂರವಿರಿಸಿದ್ದ ಚರ್ಮಕಾರ ಜಾತಿ ಅವರದು. ಕುಟುಂಬವು ಪುಣೆಯಲ್ಲಿ ನೆಲೆಸಿದಾಗ, ಸೈನಿಕರು ಆಡಿ ಬಿಟ್ಟ ಆಟದ ಸಾಮಗ್ರಿಗಳಿಂದಲೇ ಬಾಲೂ ಮತ್ತು ಅವರ ತಮ್ಮಂದಿರು ಕ್ರಿಕೆಟ್ ಕಲಿತರು. ಪಾರಸಿಗಳ ಕ್ಲಬ್ಬೊಂದರಲ್ಲಿ ಮೈದಾನ ಗುಡಿಸಿ ಪಿಚ್ಚನ್ನು ಹದಮಾಡುವುದು ಬಾಲೂ ಅವರ ಮೊದಲ ಉದ್ಯೋಗ. ತಿಂಗಳಿಗೆ ಮೂರು ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಐರೋಪ್ಯರ ಪೂನಾ ಕ್ಲಬ್ಬನ್ನು ಸೇರಿದರು. ಅಲ್ಲಿ ಬಲೆ ಕಟ್ಟುವುದು, ಉರುಳುಗಲ್ಲು ಎಳೆಯುವುದು, ಟೆನಿಸ್ ಅಂಗಳಕ್ಕೆ ಗೆರೆ ಹಾಕುವುದು ಇವೆಲ್ಲ ಅವರ ಕೆಲಸಗಳು. ಬಿಡುವಿನಲ್ಲಿ ಅಭ್ಯಾಸಕ್ಕಾಗಿ ಸಾಹೇಬರಿಗೆ ಚೆಂಡೆಸೆಯಬೇಕಾಗಿತ್ತು. ಆ ಕಾಲದ ಹೆಸರಾಂತ ದಾಂಡಿಗ ಗ್ರೆಗ್ ಎಂಬ ಅಧಿಕಾರಿ, ತನ್ನನ್ನು ಔಟು ಮಾಡಿದಾಗಲೆಲ್ಲ ಬಾಲೂ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಗಂಟೆಗಟ್ಟಲೆ ಎಸೆದ ಆ ಎಡಗೈ ನಿಧಾನವಾಗಿ ಪಳಗಿತು. ಆದರೆ ಬ್ಯಾಟು ಹಿಡಿಯುವ ಅವಕಾಶವನ್ನು ಮಾತ್ರ ಅಲ್ಲಿ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಐರೋಪ್ಯರನ್ನು ಸೋಲಿಸುವ ಹಂಬಲವಿತ್ತು. ಅದಕ್ಕೆ ಬಾಲೂ ಅವರ ಎಡಗೈ ಬೇಕಾಗಿತ್ತು. ಅವರು ತಂಡವನ್ನು ಸೇರಿದರು. ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಯಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಸ್ಥಳ. ಗೆಲುವುಗಳು ಹೆಚ್ಚಿದಂತೆ ಈ ಕಟ್ಟುಗಳು ಒಂದೊಂದಾಗಿ ಸಡಿಲಗೊಂಡವು.

ಮುಂದೆ ಅವರು ಮುಂಬಯಿಗೆ ಬಂದು ರೈಲ್ವೆಯ ನೌಕರಿ ಹಿಡಿದು, ಅಲ್ಲಿಯ ಹಿಂದೂ ಜಿಮಖಾನಾದ ಪರವಾಗಿ ಆಡತೊಡಗಿದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ಸುದ್ದಿ ದೇಶದಲ್ಲೆಲ್ಲ ಹರ್ಷ ಮೂಡಿಸಿತು. 1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೂ ಬಾಲೂ ಅವರು ಆ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಪಡೆದರು. ಆಗ ಅವರ ವಯಸ್ಸು ಸುಮಾರು 36.

ಇಷ್ಟೆಲ್ಲ ಸಾಧಿಸಿದ ಆಟಗಾರನು ತನ್ನ ತಂಡದ ನಾಯಕನಾಗುವುದು ಸಹಜ. ಬಾಲೂ ಅವರಿಗೆ ಆ ಪದವಿ ಬರಲಿಲ್ಲ. ವರ್ಷವರ್ಷವೂ ಮೇಲುಜಾತಿಯವರಲ್ಲೊಬ್ಬರು ನಾಯಕರಾಗುತ್ತಿದ್ದರು. ಹಾಗೆ ನಾಯಕರಾದ ಎಂ. ಡಿ. ಪೈ ಅವರು, ಈ ಗೌರವವು ತಮಗಿಂತ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿಯೇ ಹೇಳಿದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಕಾಲವು ಸರಿಯುತ್ತಿತ್ತು. 1920ರ ಚತುಷ್ಕೋನ ಪಂದ್ಯಾವಳಿಯ ವೇಳೆಗೆ ಬಾಲೂ ಅವರಿಗೆ 45ರ ಹತ್ತಿರ ಹತ್ತಿರ. ಆ ವರ್ಷ ಅವರನ್ನು ತಂಡದಿಂದ ಕೈಬಿಡಲಾಯಿತು. ತೆರಕಣಾಂಬಿಯಂತಹ ಊರಿನ ಶಾಲೆಯ ಬಯಲಿನಲ್ಲಿಯೂ ತಂಡವನ್ನು ಆರಿಸುವಾಗ ಹಳಬನನ್ನು ಉಳಿಸಿಕೊಳ್ಳಬೇಕೋ, ಹೊಸಬನಿಗೆ ಎಡೆ ಮಾಡಿಕೊಡಬೇಕೋ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸುಲಭವಲ್ಲವೆಂಬುದು ಆಡಿದವರಿಗೆಲ್ಲ ಗೊತ್ತು. ದೇಹಕ್ಕೆ ವಯಸ್ಸಾಗುವುದು ಸುಳ್ಳಲ್ಲ. ಕಿರಿಯರು ಎಷ್ಟು ಕಾಲ ಕಾಯಬೇಕು ಎಂಬ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ನಿಧಾನಗತಿಯ ಬೌಲರನ ಬಲ ಕಾಲಿನಲ್ಲಿಲ್ಲ. ಅದು ಬೆರಳಿನಲ್ಲಿ, ಎದುರಾಳಿಯ ಮನಸ್ಸನ್ನು ಓದುವ ಬುದ್ಧಿಯಲ್ಲಿ ಇರುತ್ತದೆ. ಬಾಲೂ ಅವರಂತೆಯೇ ಎಡಗೈ ಬೌಲರರಾಗಿದ್ದ ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಅವರನ್ನು 1926ರಲ್ಲಿ, ಅವರ 48ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ವಿರುದ್ಧ ನಿರ್ಣಾಯಕ ಟೆಸ್ಟಿಗೆ ಮರಳಿ ಕರೆಯಲಾಯಿತು. ಎರಡನೆಯ ಸರದಿಯಲ್ಲಿ ಅವರು 44 ಓಟಗಳಿಗೆ 4 ವಿಕೆಟ್ಟು ಪಡೆದು ತಂಡದ ಗೆಲುವಿಗೆ ನೆರವಾದರು.

ಬಾಲೂ ಅವರ ವಿಷಯದಲ್ಲಿ ವಯಸ್ಸಿನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನಿಂತಿತ್ತು. ಪ್ರಾಯದಲ್ಲಿ ಜಾತಿಯ ಕಾರಣದಿಂದ ನಾಯಕತ್ವವನ್ನು ತಡೆಹಿಡಿದು, ಅದನ್ನು ಕೊಡಲೇಬೇಕೆಂಬ ಕೂಗು ಬಲಿತ ಕಾಲಕ್ಕೆ ವಯಸ್ಸಾಯಿತೆಂದು ಬದಿಗಿರಿಸಿದರೆ ಅದನ್ನು ಬರಿಯ ಆಟದ ತೀರ್ಮಾನವೆಂದು ಯಾರು ನಂಬಿಯಾರು? ನಂಬದಿದ್ದವರಲ್ಲಿ ಅವರ ತಮ್ಮಂದಿರೇ ಮೊದಲಿಗರು. ಮುಸ್ಲಿಮರ ತಂಡದೊಡನೆ ನಡೆಯಬೇಕಿದ್ದ ಪಂದ್ಯಕ್ಕೆ ನಾಯಕ ಪೈ ಅವರು ಅಸ್ವಸ್ಥರಾಗಿ ಬರಲಿಲ್ಲ. ಅವರ ಸ್ಥಾನಕ್ಕೆ, ತಂಡದಲ್ಲಿ ಹಿರಿಯರಾಗಿದ್ದ ವಿಠ್ಠಲರನ್ನು ಬಿಟ್ಟು ಅವರಿಗಿಂತ ಕಿರಿಯರಾದ ಪುಣೆಯ ದೇವಧರರನ್ನು ಆರಿಸಲಾಯಿತು. ವಿಠ್ಠಲ, ಶಿವರಾಮ ಸೋದರರು ಒಡನೆಯೇ ತಂಡದಿಂದ ಹೊರನಡೆದರು. ಇಬ್ಬರೂ ಒಳ್ಳೆಯ ದಾಂಡಿಗರು. ಹೊರನಡೆದು ಕಳೆದುಕೊಳ್ಳುವುದು ಅವರಿಗೆ ಬಹಳವಿತ್ತು.

ಈ ಪ್ರತಿಭಟನೆ ವ್ಯರ್ಥವಾಗಲಿಲ್ಲ. ಪಾರಸಿಗಳೊಡನೆ ಅಂತಿಮ ಪಂದ್ಯ ಬರುವಷ್ಟರಲ್ಲಿ ಪೈ ಚೇತರಿಸಿಕೊಂಡು ಮರಳಿದರು, ತಮ್ಮಂದಿರೂ ಮರಳಿದರು. ಕೈಬಿಟ್ಟಿದ್ದ ಬಾಲೂ ಅವರನ್ನು ಕರೆಸಿ ಉಪನಾಯಕರನ್ನಾಗಿ ಮಾಡಿದರು. ಪಂದ್ಯದ ನಡುವೆ ಪೈ ಅವರು ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದರು. ಆ ಹೊತ್ತಿನಲ್ಲಿ ಹಿಂದೂ ತಂಡವನ್ನು ನಡೆಸಿದವರು, ಒಂದು ಕಾಲಕ್ಕೆ ಪೆವಿಲಿಯನ್ನಿನ ಹೊರಗೆ ಕುಡಿಕೆಯಲ್ಲಿ ಚಹಾ ಕುಡಿದಿದ್ದ ಬಾಲೂ. ಅವರಿಗೆ ದೊರೆತ ನಾಯಕತ್ವವೆಂದರೆ ಅಷ್ಟೆ.

ಅಲ್ಲಿಗೆ ಅವರ ಆಟದ ಜೀವನ ಮುಗಿಯುತ್ತ ಬಂದಿತ್ತು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದುದು 179 ವಿಕೆಟ್ಟು. ಒಂದೊಂದಕ್ಕೆ ತೆತ್ತುದು ಸರಾಸರಿ ಹದಿನೈದು ಓಟ ಮಾತ್ರ. 1923ರಲ್ಲಿ ತಮ್ಮ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಅಂದು ತಂಡವು ಪಂದ್ಯಾವಳಿಯನ್ನು ಗೆದ್ದಾಗ ಜನರು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನಿಗಾಗಿ ಎಂದೂ ತೆರೆಯದಿದ್ದ ಬಾಗಿಲು ಅದು.

ಮುಂದಿನ ದಿನಗಳಲ್ಲಿ ಬಾಲೂ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ, ಡಾ. ಅಂಬೇಡ್ಕರರ ವಿರುದ್ಧ ಮುಂಬಯಿಯಲ್ಲಿ ನಿಂತು ಪರಾಭವಗೊಂಡರು. 1955ರ ಜುಲೈ 4ರಂದು ಅವರು ತೀರಿಕೊಂಡರು.