ಮೈಲಿಯ ಲೆಕ್ಕ ತಪ್ಪಿದ ಕೊಲಂಬಸ್

ಅಮೆರಿಕವನ್ನು ಕಂಡುಹಿಡಿದವನು ಕ್ರಿಸ್ಟೋಫರ್ ಕೊಲಂಬಸ್ ಎಂದು ನಾವೆಲ್ಲರೂ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಅವನು ಹೊರಟದ್ದು ಏಷ್ಯಾವನ್ನು ಹುಡುಕಿಕೊಂಡು. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅವನ ಧೈರ್ಯಕ್ಕಿಂತ ಅವನ ಲೆಕ್ಕವೇ ಹೆಚ್ಚು ಕುತೂಹಲ ಹುಟ್ಟಿಸಿತು.

ಕೊಲಂಬಸ್ 1451ರಲ್ಲಿ ಇಟಲಿಯ ಜಿನೋವಾದಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದ. ಹರೆಯದಲ್ಲೇ ಹಡಗು ಹತ್ತಿದ ಅವನು ಮುಂದೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ನೆಲೆಸಿದ. ಪಶ್ಚಿಮದ ಕಡೆ ಹೋದರೂ ಏಷ್ಯಾ ಸಿಗುತ್ತದೆ ಎಂಬುದು ಅವನ ವಾದ. ಭೂಮಿ ದುಂಡಗಿದೆ ಎಂಬುದು ಆಗಿನ ವಿದ್ವಾಂಸರಿಗೆ ಗೊತ್ತಿತ್ತು. ಚರ್ಚೆ ಇದ್ದದ್ದು ಅದು ಎಷ್ಟು ದೊಡ್ಡದು ಎಂಬುದರ ಬಗ್ಗೆ.

9ನೇ ಶತಮಾನದ ಖಗೋಳಜ್ಞ ಅಲ್-ಫರ್ಗಾನಿ, ಭೂಮಿಯ ಸುತ್ತಳತೆಯಲ್ಲಿ ಒಂದು ಡಿಗ್ರಿಗೆ 56⅔ ಮೈಲಿ ಎಂದು ಬರೆದಿದ್ದರು. ಅದು ಅರಬ್ಬೀ ಮೈಲಿ, ಹತ್ತಿರ ಹತ್ತಿರ 2 ಕಿಲೋಮೀಟರ್. ಕೊಲಂಬಸ್ ಅದನ್ನು ಸುಮಾರು ಒಂದೂವರೆ ಕಿಲೋಮೀಟರಿನ ರೋಮನ್ ಮೈಲಿ ಎಂದು ಹಿಡಿದ. ಅವನ ಲೆಕ್ಕದಲ್ಲಿ ಭೂಮಿಯೇ ಕಾಲು ಭಾಗದಷ್ಟು ಚಿಕ್ಕದಾಯಿತು. ಏಷ್ಯಾದ ಅಗಲವನ್ನೂ ಹೆಚ್ಚು ಹಿಡಿದ. ಹೀಗೆ ಕ್ಯಾನರಿ ದ್ವೀಪಗಳಿಂದ ಜಪಾನಿಗೆ ಸುಮಾರು 4,400 ಕಿಲೋಮೀಟರ್ ಎಂದಾಯಿತು. ನಿಜವಾದ ದೂರ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು! ಪೋರ್ಚುಗಲ್ ರಾಜನ ಪಂಡಿತರು ಈ ಯೋಜನೆಯನ್ನು ತಳ್ಳಿಹಾಕಿದರು. ಅವರ ಅನುಮಾನ ಸರಿಯಾಗಿಯೇ ಇತ್ತು.

ಕೊನೆಗೆ ಸ್ಪೇನಿನ ರಾಣಿ ಇಸಾಬೆಲ್ಲಾ, ರಾಜ ಫರ್ಡಿನಾಂಡ್ ಒಪ್ಪಿದರು. 1492ರ ಆಗಸ್ಟ್ 3ರಂದು ಮೂರು ಹಡಗು, ಸುಮಾರು 90 ಜನರೊಂದಿಗೆ ಅವನು ಪಾಲೋಸ್ ಬಂದರು ಬಿಟ್ಟ. ದಿಕ್ಕಿಗೆ ದಿಕ್ಸೂಚಿ, ಅಂದರೆ ನಮ್ಮ ಮನೆಮಾತಿನ ಕುತುಬ್‌ನುಮಾ. ಸಮಯಕ್ಕೆ ಅರ್ಧ ಗಂಟೆಯ ಮರಳು ಗಡಿಯಾರ. ವೇಗ ಮಾತ್ರ ಕಣ್ಣಂದಾಜು. ಈ ಮೂರನ್ನೂ ಸೇರಿಸಿ ದಿನದಿನವೂ ನಕಾಶೆಯಲ್ಲಿ ಹಡಗಿನ ಜಾಗ ಗುರುತಿಸುತ್ತಿದ್ದ. ನಕ್ಷತ್ರದ ಎತ್ತರ ಅಳೆಯುವ ಉಪಕರಣವೂ ಅವನ ಬಳಿ ಇತ್ತು. ಆದರೆ ಕ್ಯೂಬಾದಲ್ಲಿ ಅದರಿಂದ ಅವನಿಗೆ ಸಿಕ್ಕ ಅಕ್ಷಾಂಶ 42 ಡಿಗ್ರಿ, ನಿಜವಾದದ್ದು ಸುಮಾರು 21.

ಅಕ್ಟೋಬರ್ 12ರಂದು ಬಹಾಮಾಸ್‌ನ ಒಂದು ದ್ವೀಪ ಸಿಕ್ಕಿತು. ನಡುವೆ ಆ ಭೂಖಂಡ ಇಲ್ಲದಿದ್ದರೆ ಏಷ್ಯಾ ತಲುಪುವ ಮೊದಲೇ ಅನ್ನ ನೀರು ಮುಗಿದು ಎಲ್ಲರೂ ಸಾಯುತ್ತಿದ್ದರು. ತಪ್ಪು ಲೆಕ್ಕ ಅವನಿಗೆ ಲಾಭ ತಂದಿತು. ನಷ್ಟ ಅನುಭವಿಸಿದವರು ಅಲ್ಲಿನ ಟೈನೋ ಜನ. ಇಂಡಿಯಾಕ್ಕೆ ಬಂದೆನೆಂದು ತಿಳಿದು ಅವರನ್ನು ಇಂಡಿಯನ್ನರು ಎಂದು ಕರೆದ. 1495ರಲ್ಲಿ ಸುಮಾರು 500 ಜನರನ್ನು ಸೆರೆಹಿಡಿದು ಗುಲಾಮರನ್ನಾಗಿ ಸ್ಪೇನಿಗೆ ಕಳುಹಿಸಿದ. ಬಂಗಾರಕ್ಕಾಗಿ ದುಡಿಸಿದ್ದರಿಂದಲೂ ಯುರೋಪಿನಿಂದ ಬಂದ ರೋಗಗಳಿಂದಲೂ ಕೆಲವೇ ದಶಕಗಳಲ್ಲಿ ಅವರಲ್ಲಿ ಬಹುಪಾಲು ಜನ ಇಲ್ಲವಾದರು.

ಕೊಲಂಬಸ್ 1506ರ ಮೇ 20ರಂದು ಸ್ಪೇನಿನ ವಯ್ಯಾದೊಲಿದ್‌ನಲ್ಲಿ ತೀರಿಕೊಂಡ. ತಾನು ತಲುಪಿದ್ದು ಏಷ್ಯಾ ಎಂಬ ಹಟವನ್ನು ಅವನು ಬಿಡಲಿಲ್ಲ.

ಗೆಳೆಯರೇ, ಲೆಕ್ಕಪತ್ರದಲ್ಲಿ ಜಮೆಯ ಜೊತೆಗೆ ಖರ್ಚನ್ನೂ ಬರೆಯಬೇಕೆಂದು ನಾವು ದಿನವೂ ಕಲಿಯುತ್ತೇವೆ. ಕೊಲಂಬಸ್‌ನ ಪಾಠದಲ್ಲಿ ನಾವು ಓದಿದ್ದು ಜಮೆಯನ್ನು ಮಾತ್ರ. ಟೈನೋ ಜನರ ಹೆಸರನ್ನೂ ಬರೆದರೆ ಮಾತ್ರ ಆ ಲೆಕ್ಕ ಪೂರ್ತಿಯಾಗುತ್ತದೆ ಎಂದು ನನಗನಿಸುತ್ತದೆ.