ನಲವತ್ತಕ್ಕೆ ಮತ್ತೆ ಶಿಷ್ಯನಾದ ಬೆನ್ನಿ ಗುಡ್‌ಮನ್

ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಊದುವ ಕ್ಲಾರಿನೆಟ್ ನಮಗೆಲ್ಲ ಗೊತ್ತು. ಅದೇ ವಾದ್ಯ ಹಿಡಿದು ಅಮೆರಿಕವನ್ನೇ ಕುಣಿಸಿದವರು ಬೆನ್ನಿ ಗುಡ್‌ಮನ್.

ಹುಟ್ಟಿದ್ದು 1909ರಲ್ಲಿ, ಶಿಕಾಗೋದ ಬಡ ಯಹೂದಿ ಮನೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು. ವಲಸೆ ಬಂದಿದ್ದ ತಂದೆಗೆ ಸಂಪಾದನೆ ಕಮ್ಮಿ. ಆದರೂ ಮಕ್ಕಳಿಗೆ ಸಂಗೀತ ಕಲಿಸಲೇಬೇಕೆಂಬ ಹಟ. ದೊಡ್ಡ ಹುಡುಗರಿಗೆ ದೊಡ್ಡ ವಾದ್ಯ ಸಿಕ್ಕಿತು, ಚಿಕ್ಕವನಾದ ಬೆನ್ನಿಗೆ ಕ್ಲಾರಿನೆಟ್. ಮಗನ ಕೀರ್ತಿ ನೋಡುವ ಭಾಗ್ಯ ತಂದೆಗಿರಲಿಲ್ಲ. 1926ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

1935ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನ ಪಲೋಮರ್ ನೃತ್ಯಶಾಲೆಯಲ್ಲಿ ಗುಡ್‌ಮನ್ ತಂಡಕ್ಕೆ ಜನ ಹುಚ್ಚೆದ್ದರು. ಸ್ವಿಂಗ್ ಎಂಬ ಕುಣಿತದ ಜಾಜ್ ಭರಾಟೆ ಅಲ್ಲಿಂದಲೇ ಶುರುವಾಯಿತು ಅಂತಾರೆ. ಕಪ್ಪುಜನರೂ ಬಿಳಿಯರೂ ಒಂದೇ ವೇದಿಕೆ ಹತ್ತುವುದು ಅಪರೂಪವಾಗಿದ್ದ ಕಾಲದಲ್ಲಿ, ಕಪ್ಪುಜನಾಂಗದ ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಅವರನ್ನು ಜೊತೆಗೆ ಕೂರಿಸಿಕೊಂಡರು. 1938ರ ಜನವರಿ 16ರಂದು ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಜಾಜ್ ನುಡಿಸಿದರು. ಅದೇ ವರ್ಷ ಮೊಜಾರ್ಟ್ ಕೃತಿಯನ್ನೂ ರೆಕಾರ್ಡ್ ಮಾಡಿದರು.

1949ರ ಹೊತ್ತಿಗೆ ದುಡ್ಡು, ಹೆಸರು ಎರಡೂ ಇದ್ದವು. ಆದರೂ ನಲವತ್ತನೇ ವಯಸ್ಸಿನಲ್ಲಿ ಶಾಸ್ತ್ರೀಯ ವಾದಕ ರೆಜಿನಾಲ್ಡ್ ಕೆಲ್ ಅವರ ಬಳಿ ಪಾಠಕ್ಕೆ ಕೂತರು. ತುಟಿ ಹಿಡಿಯುವ ಬಗೆ, ಬೆರಳಿಡುವ ಬಗೆ, ಎಲ್ಲ ಮೊದಲಿಂದ ತಿದ್ದಿಕೊಂಡರು. ಪಳಗಿದ ಕೈಯೇ ತಪ್ಪಿಹೋಗುವ ಅಪಾಯ ಅದರಲ್ಲಿತ್ತು. ಮರುವರ್ಷವೇ ಏರನ್ ಕೋಪ್ಲೆಂಡ್ ಅವರಿಗೆಂದೇ ಬರೆದ ಶಾಸ್ತ್ರೀಯ ಕೃತಿಯನ್ನು ಮೊದಲ ಬಾರಿ ನುಡಿಸಿದರು. ಹಾಗಂತ ಜಾಜ್ ಬಿಡಲಿಲ್ಲ. 1986ರ ಜೂನ್ 13ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಮನೆಗೊಂದು ಭಾಷೆ, ಸಂತೆಗೊಂದು ಭಾಷೆ ಇಟ್ಟುಕೊಂಡು ಬಾಳುವ ನಮಗೆ ಇದು ಅರ್ಥವಾಗದ ಕತೆಯೇನಲ್ಲ. ಇನ್ನೊಂದನ್ನು ಚೆನ್ನಾಗಿ ಕಲಿಯೋದಕ್ಕೆ ಮೊದಲನೆಯದನ್ನು ಮರೆಯಬೇಕಿಲ್ಲ.