ರಚ್ಚೆ ಹಿಡಿದ ಮಗುವೂ ಮಾಂಟೆಸ್ಸರಿ ಅಮ್ಮನೂ

ಚನ್ನಪಟ್ಟಣದ ಬೊಂಬೆ ಅಂಗಡಿ ಮುಂದೆಯೋ, ರಾಮನಗರದ ಬಸ್ ಸ್ಟ್ಯಾಂಡಿನಲ್ಲೋ ನಿಮ್ಮ ಎರಡು ವರ್ಷದ ಕಂದ ನೆಲಕ್ಕೆ ಬಿದ್ದು ರಚ್ಚೆ ಹಿಡಿದಿದೆ. ಜನ ನೋಡ್ತಿದ್ದಾರೆ. ಒಂದೇಟು ಹಾಕಲೇ, ಕೇಳಿದ್ದು ಕೊಡಿಸಿಬಿಡಲೇ? ಸ್ವಲ್ಪ ತಾಳಿ. ಮಾಗಡಿ, ಕನಕಪುರದವರಿಗೂ ನರ್ಸರಿ ಎಂದೊಡನೆ ನೆನಪಾಗುವ ಮಾಂಟೆಸ್ಸರಿ ಎಂಬ ಹೆಸರಿನ ಹಿಂದೆ ಒಬ್ಬ ತಾಯಿ ಇದ್ದಾರೆ.

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರಲ್ಲಿ, ಇಟಲಿಯಲ್ಲಿ. ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ ಡಾಕ್ಟರ್ ಆದರು. 1898ರಲ್ಲಿ ಮಗ ಮಾರಿಯೊ ಹುಟ್ಟಿದ. ಮದುವೆಯಾಗಿರಲಿಲ್ಲ, ಕೂಸನ್ನು ಹಳ್ಳಿಯ ಒಂದು ಮನೆಯಲ್ಲಿ ಬೆಳೆಯಲು ಬಿಡಬೇಕಾಯಿತು. ಆಗಾಗ ಹೋಗಿ ನೋಡಿ ಬರುತ್ತಿದ್ದರು ಅಷ್ಟೆ. ಅವನು ಅಮ್ಮನ ಮಡಿಲಿಗೆ ಮರಳಿದ್ದು ಹದಿಹರೆಯದಲ್ಲಿ. ಊರ ಮಕ್ಕಳನ್ನೆಲ್ಲ ನೋಡಿದಾಕೆಗೆ ಸ್ವಂತ ಮಗನ ಹಟ ನೋಡುವ ಭಾಗ್ಯ ಇರಲಿಲ್ಲ, ನೋಡಿ!

1907ರ ಜನವರಿಯಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ ತೆರೆದರು. ಅಲ್ಲಿ ಪುಟ್ಟ ಹುಡುಗಿಯೊಬ್ಬಳು ಮರದ ಉರುಳೆಗಳನ್ನು ಆಯಾ ತೂತಿಗೆ ಕೂರಿಸುವುದನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳು. ಸುತ್ತ ಗದ್ದಲವಾದರೂ ತಲೆ ಎತ್ತಲಿಲ್ಲ. ಕೈಗೆ ತಕ್ಕ ಕೆಲಸ ಸಿಕ್ಕರೆ ಹಟ ತಾನಾಗೇ ಇಳಿಯುತ್ತದೆಂದು ಆಕೆ ನಂಬಿದರು. ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಬಳೆ ಪೇರಿಸುವ ಆಟಿಕೆಯೂ ಇದಕ್ಕೆ ಆಗುತ್ತೆ.

ರಚ್ಚೆಯ ಬಗ್ಗೆ ಆಕೆ ಬರೆದ ಒಂದು ಪ್ರಸಂಗ ಕೇಳಿ. ಪ್ರವಾಸದಲ್ಲಿ ತಾಯಿಯೊಬ್ಬಳು ಸೆಕೆಗೆ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಳು. ಮಗು ಅಳತೊಡಗಿತು. ಯಾರು ಎತ್ತಿಕೊಂಡರೂ ಜೋರಾಯಿತು. ಕೋಟು ತೊಟ್ಟುಕೊಳ್ಳಲು ಮಾಂಟೆಸ್ಸರಿ ಹೇಳಿದರು. ಅಳು ನಿಂತೇ ಹೋಯಿತು. ಕೋಟು ಇರಬೇಕಾದ್ದು ಮೈಮೇಲೆ, ಅದು ತೋಳಿಗೆ ಬಂದದ್ದೇ ಮಗುವಿನ ಸಂಕಟ. ನಿಮ್ಮ ಮಗು ದಿನದ ಲೋಟವೇ ಬೇಕು ಅಂತ ಕೂಗಿದರೆ ಇದನ್ನು ನೆನೆಯಿರಿ.

ಎಲ್ಲ ರಚ್ಚೆಗೂ ಇದೇ ಕಾರಣ ಅಂತಲ್ಲ. ಹಸಿವು, ನಿದ್ದೆ, ದಣಿವು, ಹೇಳಲು ಮಾತು ಬಾರದಿರುವುದು ಮೊದಲು ನೋಡಬೇಕಾದವು. ಪೆಟ್ಟಾಗದ ಕಡೆ ಕೂರಿಸಿ, ನೀವು ಕೂಗಾಡದೆ ಪಕ್ಕದಲ್ಲಿರಿ. ಒಮ್ಮೆ ಇಲ್ಲ ಅಂದದ್ದನ್ನು ಅತ್ತದ್ದಕ್ಕಾಗಿ ಕೊಡಬೇಡಿ. ಅತ್ತೆಯವರಿಗೂ ಮೆಲ್ಲಗೆ ಹೇಳಿಡಿ.

1939ರಲ್ಲಿ ಮಾಂಟೆಸ್ಸರಿ ಮಗನ ಜೊತೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಯುದ್ಧದಲ್ಲಿ ಇಟಲಿ ಶತ್ರುವಾದಾಗ ಬ್ರಿಟಿಷರು ಮಾರಿಯೊನನ್ನು ಬಂಧಿಸಿದರು. 1940ರಲ್ಲಿ, ಆಕೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಮತ್ತೆ ಅಗಲಲಿಲ್ಲ. 1952ರಲ್ಲಿ ಹಾಲೆಂಡ್‌ನಲ್ಲಿ ಆಕೆ ತೀರಿಕೊಂಡರು.

ಅಂದಹಾಗೆ, ನಾಲ್ಕು ದಾಟಿದರೂ ರಚ್ಚೆ ಹೆಚ್ಚುತ್ತಿದ್ದರೆ, ಉಸಿರು ಕಟ್ಟಿ ಮೈ ನೀಲಿಯಾದರೆ, ತಲೆ ಚಚ್ಚಿಕೊಂಡು ಪೆಟ್ಟು ಮಾಡಿಕೊಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ.